ಪಾಲಿಶ್ ಹಾಕಿದ ಕೊರಡು

ವಿಜಯನಗರ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅನಘಕ್ಕ,

ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ಕಾಗದ. ಇದು ದಾವಣಗೆರೆಯ ನಿನ್ನ ಹಾಸ್ಟೆಲ್ ಮುಟ್ಟುವ ಮೊದಲೇ, ನಾನು ನಿನ್ನ ಭಾವಿ ಮಾವನಿಗೆ ಅವಮಾನ ಮಾಡಿದೆನೆಂಬ ಸುದ್ದಿ ನಿನಗೆ ಮುಟ್ಟಿರುತ್ತದೆ. ನಡೆದದ್ದನ್ನು ನನ್ನ ಬಾಯಿಂದಲೂ ಕೇಳು.

ನಿಶ್ಚಿತಾರ್ಥದ ಹೊತ್ತಿಗೆ ಬಸವೇಶ್ವರನಗರದ ತಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಇರಬೇಕೆಂದು ನಿನ್ನ ಮಾವನಾಗುವ ರೇವಣಸಿದ್ದಪ್ಪನವರು ನಾನು ಕೆಲಸ ಮಾಡುವ ಅತ್ತಿಗುಪ್ಪೆಯ ಅಂಗಡಿಗೇ ಹೇಳಿದ್ದರಲ್ಲ. ಅದರೊಳಗೆ ಅಲಂಕಾರಕ್ಕಿಡುವ ಕೊರಡನ್ನು ನಾನೇ ಆರಿಸಿದೆ. ಹೊಳೆಯಲ್ಲಿ ಬಿದ್ದು ಸವೆದ ಬೇರು, ಜಿಂಕೆಯ ಕೊಂಬಿನ ಹಾಗೆ ಕವಲೊಡೆದಿತ್ತು. ತೆಂಗಿನ ನಾರಿನಿಂದ ಉಜ್ಜಿ, ತಾರಸಿಯ ಮೇಲೆ ಅಜ್ಜಿಯ ಹಂಡೆಯಲ್ಲಿ ಕುದಿಸಿದೆ. ಮೊದಲ ನೀರು ಕಡು ಚಹಾದಂತೆ ಬಂತು. ಚೆಲ್ಲಿದೆ, ಮತ್ತೆ ಕುದಿಸಿದೆ, ಮತ್ತೆ ಚೆಲ್ಲಿದೆ. ಬಣ್ಣ ಬಿಡುವುದು ನಿಂತ ಮೇಲೆ, ತೇಲದೆ ತಳ ಹಿಡಿಯುವವರೆಗೂ ಡ್ರಮ್ಮಿನಲ್ಲಿ ನೆನೆಹಾಕಿದೆ. ಪುಸ್ತಕದ ಮುಂದೆ ಕೂರಲಾರದೆ ಶಾಲೆ ಬಿಟ್ಟವನು ಈ ಕಟ್ಟಿಗೆಯ ಮುಂದೆ ವಾರಗಟ್ಟಲೆ ಕೂತೆ. ನಿನ್ನ ಮನೆಗೆ ಹೋಗುವ ವಸ್ತು ಅಂತ.

ಮೊನ್ನೆ ಅವರು ನೋಡಬೇಕೆಂದು ಅದನ್ನು ತರಿಸಿಕೊಂಡರು. ಇಂದು ತೊಟ್ಟಿ ಜೋಡಿಸಲು ಹೋದರೆ, ಕೊರಡು ಥಳಥಳ ಹೊಳೆಯುತ್ತಿತ್ತು! ಸಮಾರಂಭಕ್ಕೆಂದು ತೇಗದ ಬಾಗಿಲಿಗೆ ಪಾಲಿಶ್ ಮಾಡಲು ಬಂದವನಿಂದ ಅದಕ್ಕೂ ಹಚ್ಚಿಸಿದ್ದರು. ಥಿನ್ನರ್ ವಾಸನೆ ಇನ್ನೂ ಹೋಗಿರಲಿಲ್ಲ.

"ಸಾರ್, ಇದನ್ನ ನೀರಿಗಿಟ್ರೆ ಮೀನು ಸಾಯ್ತವೆ," ಎಂದೆ.

"ಬಾಗಿಲೂ ಮಳೇಲಿ ನೆನೆಯುತ್ತಪ್ಪ. ಯಾರು ಸತ್ರು?" ಎಂದು ನಕ್ಕರು.

"ಬಾಗಿಲಲ್ಲಿ ಯಾರೂ ಮೀನು ಸಾಕಲ್ವಲ್ಲ ಸಾರ್."

ನಗು ನಿಂತಿತು. "ಎಸೆಸೆಲ್ಸಿ ದಾಟಿಲ್ಲ, ನಂಗೆ ಪಾಠ ಹೇಳ್ತೀಯಾ? ಬೀಗರ ಹುಡುಗ ಅಂತ ಸುಮ್ನಿದೀನಿ. ಇಡು ಒಳಗೆ."

ನಿನ್ನ ಭಾವಿ ಅತ್ತೆ ಜಗದಾಂಬಾ ಅವರು ಸಮಾಧಾನದಿಂದಲೇ ಹೇಳಿದರು: "ಇಟ್ಬಿಡು ಮರಿ. ಸತ್ರೆ ಬೇರೆ ತಂದ್ರಾಯ್ತು."

ಮೀನುಗಳು ಕವರಿನಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ನಿನ್ನ ಗಿರಿರಾಜ್ ಅಲ್ಲೇ ಸೋಫಾದಲ್ಲಿ ಫೋನ್ ನೋಡುತ್ತ ಕೂತಿದ್ದರು. ಕೊರಡನ್ನು ನೆಲಕ್ಕಿಟ್ಟು, "ನನ್ನ ಕೈಯಾರೆ ಆಗಲ್ಲ ಸಾರ್," ಎಂದೆ. ಮೀನಿನ ಕವರು ಎತ್ತಿಕೊಂಡರೆ, "ಅದು ನಮ್ದು. ಬಿಟ್ಟು ಹೋಗು," ಎಂದರು ರೇವಣಸಿದ್ದಪ್ಪನವರು. ಬಿಟ್ಟು ಬಂದೆ.

ಮನೆಗೆ ಬರುವಷ್ಟರಲ್ಲಿ ಅಮ್ಮನಿಗೆ ಫೋನ್ ಬಂದಿತ್ತು. "ನಿಂಗೆ ಅಕ್ಕನ ಬಾಳು ದೊಡ್ಡದೋ, ಮೀನು ದೊಡ್ಡದೋ?" ಎಂದು ಅತ್ತಳು. ನಾಳೆ ಕ್ಷಮೆ ಕೇಳದಿದ್ದರೆ ನಿಶ್ಚಿತಾರ್ಥ ಇಲ್ಲವಂತೆ. ಬಾಗಿಲಿನ ಮಾತಿಗೆ ಕೇಳುತ್ತೇನೆ, ಅದು ಕೊಬ್ಬು. ಕೊರಡಿನ ಮಾತಿಗೆ ಕೇಳುವುದಿಲ್ಲ. ನೀನು ಬೈದರೂ ಸರಿ.

ನಿನ್ನ ತಮ್ಮ,
ರುದ್ರಮುನಿ

ತಾ.ಕ.: ಈಗ ಹೇಳುವುದನ್ನು ನಿನಗೆ ಬರೆಯಬಾರದೆಂದು ಅಮ್ಮ ಆಣೆ ಹಾಕಿಸಲು ಬಂದಳು. ನಾನು ಹಾಕಲಿಲ್ಲ. ಅವರ ಮನೆಯಿಂದ ಹೊರಟಾಗ ಗಿರಿರಾಜ್ ನನ್ನ ಹಿಂದೆಯೇ ಮೆಟ್ಟಿಲವರೆಗೆ ಬಂದು, "ನೀನು ಹೇಳಿದ್ದು ಸರಿ ಕಣೋ, ನಂಗೂ ಗೊತ್ತು. ಅಪ್ಪನ ಎದುರು ಹೇಳೋಕಾಗಲ್ಲ," ಎಂದು ಹೆಗಲು ತಟ್ಟಿ ಒಳಗೆ ಹೋದರು. ಗೇಟಿನ ಹತ್ತಿರ ಬಂದಾಗ, ತೊಟ್ಟಿಗೆ ನೀರು ತುಂಬಿಸಿದ ಪೈಪ್ ಒಳಗೇ ಮರೆತದ್ದು ನೆನಪಾಗಿ ನಾನು ತಿರುಗಿ ಹೋದೆ. ಬಾಗಿಲು ತೆರೆದೇ ಇತ್ತು. ಕೊರಡನ್ನು ನೀರಿಗಿಳಿಸುತ್ತಿದ್ದ ಕೈಗಳು ಗಿರಿರಾಜ್ ಅವರವೇ.