ಇನ್ನೂರು ಕೇಜಿ, ಎರಡು ಗಂಟೆ ನಲವತ್ತೆಂಟು ನಿಮಿಷ

ಹೊಸಪೇಟೆ, ಸಂಡೂರು ರಸ್ತೆ
29-11-2007, ಗುರುವಾರ

ಪ್ರೀತಿಯ ಅಳಿಯ ಯಲ್ಲೇಶನಿಗೆ,

ತುಂಗಭದ್ರಾ ಡ್ಯಾಮಿನ ಮೂವತ್ತಮೂರು ಗೇಟುಗಳನ್ನು ಒಬ್ಬ ಮನುಷ್ಯ ಎಣಿಸಿ ಮುಗಿಸುವಷ್ಟರಲ್ಲಿ ಹೊಸಪೇಟೆಯಿಂದ ಕಂಪ್ಲಿಗೆ ಹೋಗಿ, ಅಲ್ಲಿ ಒಂದು ಚಹಾ ಕುಡಿದು, ವಾಪಸ್ ಬಂದು ಅದೇ ಮನುಷ್ಯನನ್ನು "ಎಷ್ಟಾದವಪ್ಪಾ?" ಎಂದು ಕೇಳಬಲ್ಲ ಏಕೈಕ ಸವಾರ, ನಿನ್ನ ಸೋದರಮಾವ ಅಂಜಿನಯ್ಯ ಮಾಡುವ ಆಶೀರ್ವಾದಗಳು. ನೀನು ಹೇಗಿದ್ದೀಯ? ಕೆಮ್ಮು ಹೋಯಿತೇ? ನೀನು ಲೋಡರ್ ಓಡಿಸುವ ಆ ಕಾರವಾರದ ಕಡೆಯ ಬಂದರಿನಲ್ಲಿ ಹಾರುವ ಅದಿರಿನ ಧೂಳು ನಮ್ಮ ಸಂಡೂರಿನದೇ ಅಲ್ಲವೇ. ನಾನು ಇಲ್ಲಿ ತೂಗಿ ಕಳಿಸಿದ್ದನ್ನು ನೀನು ಅಲ್ಲಿ ಕೆಮ್ಮುತ್ತಿದ್ದೀಯ ಎಂದು ನೆನೆದರೆ ಸಂಕಟವಾಗುತ್ತದೆ. ಬಿಸಿನೀರು ಕುಡಿ, ಮೂಗಿಗೆ ಬಟ್ಟೆ ಕಟ್ಟಿಕೋ. ಕಂಪ್ಲಿಯಲ್ಲಿ ನಿಮ್ಮವ್ವ, ಅಂದರೆ ನಮ್ಮ ಊರಮ್ಮಕ್ಕ, ಚೆನ್ನಾಗಿದ್ದಾಳೆ. ಮೊಣಕಾಲು ನೋವಿದೆ, ಆದರೆ ನನ್ನನ್ನು ಬೈಯುವುದಕ್ಕೆ ಮೊಣಕಾಲು ಬೇಕಾಗಿಲ್ಲವಲ್ಲ. ನಿನ್ನ ತಂಗಿ ದೇವಿಕಾ ದಿನಾ ನನ್ನ ಹಳೆಯ ಮೊಪೆಡ್ ಮೇಲೆ ಎಮ್ಮಿಗನೂರಿನ ಶಾಲೆಗೆ ಪಾಠ ಹೇಳಲು ಹೋಗಿ ಬರುತ್ತಾಳೆ. ಕಬ್ಬಿನ ಟ್ರ್ಯಾಕ್ಟರುಗಳು ಆ ರಸ್ತೆಯನ್ನು ಉತ್ತು ಹಾಕಿದ್ದರೂ ಎರಡು ವರ್ಷದಲ್ಲಿ ಒಂದು ದಿನವೂ ಬಿದ್ದಿಲ್ಲವಂತೆ. ನನ್ನ ಆರೋಗ್ಯದ ಮಾತು ಕೇಳಲೇಬೇಡ. ಕಬ್ಬಿಣ. ಅದೂ ಅರವತ್ತೈದು ಗ್ರೇಡಿನದು, ಸೀದಾ ಹಡಗು ಹತ್ತುವಂಥದ್ದು.

ಕಾಗದ ಯಾಕೆ, ಫೋನು ಮಾಡಬಾರದಿತ್ತೇ ಅನ್ನುತ್ತೀಯ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ನನಗೆ ಮಾತಿನ ಓಟ ಕೆಡುತ್ತದೆ. ಅದೂ ಅಲ್ಲದೆ ನೀನು ಕೇಳಿದ ಸಾಕ್ಷಿಯನ್ನು ಫೋನಿನೊಳಗೆ ತುರುಕಲು ಬರುವುದಿಲ್ಲ. ಹಾಗಾಗಿ ಲಾರಿ ತೂಗುವ ವೇಬ್ರಿಡ್ಜಿನ ಕೋಣೆಯಲ್ಲಿ ಕೂತು, ಪ್ರಿಂಟರಿನದೇ ಎರಡೂ ಅಂಚಿಗೆ ತೂತಿರುವ ಕಾಗದದ ಮೇಲೆ, ಲಾರಿಗೂ ಲಾರಿಗೂ ನಡುವೆ ಸಿಕ್ಕ ಪುರುಸೊತ್ತಿನಲ್ಲಿ ಬರೆಯುತ್ತಿದ್ದೇನೆ. ಕಾಗದ ಹಾರದಂತೆ ಎಡಕ್ಕೆ ಒಂದು ಅದಿರಿನ ಕಲ್ಲು ಇಟ್ಟಿದ್ದೇನೆ. ಕೆಂಪು ಕಲೆ ಕಂಡರೆ ಗಾಬರಿಯಾಗಬೇಡ, ರಕ್ತವಲ್ಲ, ಊರು. ಇರು, ಒಂದು ಲಾರಿ ಬಂತು.

ಬಂದೆ. ಎಲ್ಲಿದ್ದೆ? ಸಾಕ್ಷಿ. ದಸರೆಗೆ ಬಂದಾಗ ನೀನು ನಿನ್ನ ಯಜ್ಡಿ ಬೈಕನ್ನು ನನ್ನ ವಶಕ್ಕೆ ಕೊಟ್ಟು ಎರಡು ಮಾತು ಹೇಳಿ ಹೋದೆ. ಮೊದಲನೆಯದು, "ಮಾಮಾ, ಕೀಲಿ ದೇವಿ ಕೈಗೆ ಮಾತ್ರ ಕೊಡಬ್ಯಾಡ, ಕಾಲುವೀಗೆ ಹಾಕ್ತಾಳ." ಪಾಪ, ಹದಿಮೂರು ವರ್ಷದವಳಿದ್ದಾಗ ನಿನ್ನ ಸೈಕಲ್ಲನ್ನು ಮೆಟ್ರಿ ಕಾಲುವೆಗೆ ಹಾಕಿದ್ದನ್ನು ನೀನು ಇನ್ನೂ ಮರೆತಿಲ್ಲ. ಎರಡನೆಯದು, "ನಿನ್ನ ಬಾಯಿ ಟೈಮು ಬ್ಯಾಡ, ಕಾಟಾ ಟೈಮು ಬೇಕು. ಮೂರು ತಾಸಿನೊಳಗ ಸುತ್ತಿ ಬಂದ್ರ ರೇಸಿನಾಗ ನನ್ನ ಜೋಡಿ ನೀನ. ಇಲ್ಲಂದ್ರ ನನ್ನ ಜತಿ ಲೋಡರ್ ಹೊಡಿಯೋನು ಒಬ್ಬ ಅದಾನ, ಅವನ್ನ ಕರ್ಕೊಂಡು ಬರ್ತೀನಿ." ಸ್ವಂತ ಮಾವನಿಗೆ ಹೇಳುವ ಮಾತೇ ಇದು? ಆದರೂ ನಾನು ಬೇಸರ ಮಾಡಿಕೊಳ್ಳಲಿಲ್ಲ, ಯಾಕೆಂದರೆ ಕಾಟಾ, ಅಂದರೆ ಈ ವೇಬ್ರಿಡ್ಜು, ನನ್ನದೇ. ಲಾರಿ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಂತರೆ ಕಂಪ್ಯೂಟರು ತಾನೇ ಚೀಟಿ ಕಕ್ಕುತ್ತದೆ. ಅದರಲ್ಲಿ ತಾರೀಖು, ಹೊತ್ತು ಎಲ್ಲ ಅಚ್ಚಾಗುತ್ತದೆ, ನರಮನುಷ್ಯ ಕೈಯಾಡಿಸಲು ಬರುವುದಿಲ್ಲ. ಗಾಡಿಯನ್ನೂ ಹಾಗೇ ಹತ್ತಿಸುವುದು, ಹೋಗುವಾಗ ಒಂದು ಚೀಟಿ, ಬರುವಾಗ ಒಂದು ಚೀಟಿ. ನಡುವೆ ನೂರಾ ಮೂವತ್ತು ಕಿಲೋಮೀಟರು.

ನನ್ನ ತಯಾರಿ ಕೇಳಿದರೆ ನೀನು ಅಲ್ಲಿಂದಲೇ ಕೈಮುಗಿಯುತ್ತೀಯ. ಸೈಲೆನ್ಸರಿನ ಮಸಿ ತೆಗೆದೆ, ಚೈನು ಬಿಗಿದೆ, ಕ್ಲಚ್ ವೈರು ಹೊಸದು ಹಾಕಿದೆ. ಧೂಳು ಇಂಜಿನ್ನಿಗೆ ಇಳಿಯದಂತೆ ಗಾಳಿ ಎಳೆಯುವ ಬಾಯಿಗೆ ನಿಮ್ಮತ್ತೆಯ ಹಳೆಯ ಇಳಕಲ್ ಸೀರೆಯ ತುಂಡು ಕಟ್ಟಿದೆ. ಅದು ಹಳೆಯದಲ್ಲ ಎಂದು ಆಮೇಲೆ ಗೊತ್ತಾಯಿತು. ಮಿರ್ಚಿ ಬಿಟ್ಟಿದ್ದೇನೆ, ಮಂಗಳವಾರ, ಶುಕ್ರವಾರ ಬಿಟ್ಟು. ಆರು ಗಂಟೆ ಸೀಟಿನ ಮೇಲೆ ಕೂರುವ ಅಭ್ಯಾಸಕ್ಕೆಂದು ಸಾಯಂಕಾಲ ಪಡಸಾಲೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕಾಲು ಆಚೆ ಈಚೆ ಹಾಕಿ, ಹಾರೆಕೋಲನ್ನು ಹ್ಯಾಂಡಲ್ಲಿನ ಹಾಗೆ ಹಿಡಿದು ಕೂರುತ್ತೇನೆ. ಮೊನ್ನೆ ನಿಮ್ಮತ್ತೆ ಸುಂಕಮ್ಮ ಮೊರ ಹಿಡಿದು ಬಂದು, "ಎಲ್ಲಿ ತನಕ ಬಂತ್ರಿ ಗಾಡಿ? ಕಮಲಾಪುರ ದಾಟಿದ್ರ ಹಂಗ ಇಳೀರಿ, ಅನ್ನಕ್ಕ ಅಕ್ಕಿ ಬೇಕು" ಅಂದಳು. ಅವಳನ್ನು ಕೂರಿಸಿಕೊಂಡು ವಿವರಿಸಿದೆ. ಡಿಸೆಂಬರ್ ಹದಿನಾರು, ಭಾನುವಾರ, ಸಂಡೂರಿನ ಹೊರಗೆ ಏಳು ಕಿಲೋಮೀಟರಿನ ಮಣ್ಣುದಾರಿ. ಆರು ಗಂಟೆ ಸುತ್ತಬೇಕು. ಒಂದು ಗಾಡಿ, ಇಬ್ಬರು ಸವಾರರು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಬೇಕು, ಗಾಡಿ ಮಾತ್ರ ನಿಲ್ಲಬಾರದು. ಅವಳು ಕೇಳಿದ್ದು ಒಂದೇ. "ಕೊನೀಗೆ ಎಲ್ಲಿಗೆ ಮುಟ್ಟತೀರಿ?" ಎಲ್ಲಿಗೂ ಇಲ್ಲ, ಹೊರಟಲ್ಲಿಗೇ, ಅಂದೆ. "ಅದಕ್ಕ ಇಷ್ಟು ಒದ್ದಾಟನಾ" ಎಂದು ಮೂಟೆ ಎಳೆದುಕೊಂಡು ಹೋದಳು.

ಒದ್ದಾಟ ನಿಜ, ಅಳಿಯಾ. ಒಂದು ತಿಂಗಳಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹೊರಗೆ ಲಾರಿಯವರು ಆಕ್ಸಿಲರೇಟರ್ ಒತ್ತಿದರೆ ಇಲ್ಲಿ ನನ್ನ ಬಲಗೈ ತಾನಾಗಿ ತಿರುಗುತ್ತದೆ. ಚಹಾದ ಲೋಟವನ್ನೂ ತಿರುಗಿಸಿ ಎರಡು ಸಲ ಪ್ಯಾಂಟಿನ ಮೇಲೆ ಸುರಿದುಕೊಂಡಿದ್ದೇನೆ. ಇರು, ಮತ್ತೊಂದು ಬಂತು. ಹತ್ತು ಚಕ್ರದ್ದು.

ಹೂಂ. ಈಗ ಮುಖ್ಯ ಸಂಗತಿ. ಮೊನ್ನೆ ಭಾನುವಾರ ಓಡಿಸಿದೆ. ಚೀಟಿ ಹೊಡೆಯುವುದಕ್ಕೆ ನನ್ನ ಜೊತೆಗಾರ ಮರಿಸ್ವಾಮಿಯನ್ನು ಕೂರಿಸಿ ಹೊರಟೆ. ಕಮಲಾಪುರ ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ನಿಂತಿತ್ತು. ಹಂಪಿಯ ತಿರುವಿನಲ್ಲಿ ಬಂಡೆಗಳು ನೆನೆದು ಕರ್ರಗಿದ್ದವು, ಸೈಕಲ್ ಬಾಡಿಗೆಗೆ ತೆಗೆದುಕೊಂಡ ಒಬ್ಬ ಫಾರಿನ್ನಿನವನು ನನ್ನನ್ನು ನೋಡಿ ಟೋಪಿ ತೆಗೆದ. ಗೌರವಕ್ಕೆ ತೆಗೆದನೋ, ಹಾರಿಹೋದೀತೆಂದು ತೆಗೆದನೋ ಕೇಳಲು ನಿಲ್ಲಲಿಲ್ಲ. ಬುಕ್ಕಸಾಗರದ ಬಾಳೆತೋಟ ದಾಟಿದ್ದು ಗೊತ್ತೇ ಆಗಲಿಲ್ಲ. ಕಂಪ್ಲಿ, ಮೆಟ್ರಿ, ಅಲ್ಲಿಂದ ದರೋಜಿ ಮೇಲೆ ಕುರೆಕುಪ್ಪ. ಕುರೆಕುಪ್ಪದಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯವರು ಹಳದಿ ಟೊಪ್ಪಿಗೆ ಹಾಕಿಕೊಂಡು ರಸ್ತೆ ತುಂಬ ನಡೆಯುತ್ತಿದ್ದರು. ಸಂಡೂರು ಘಾಟಿನಲ್ಲಿ ಲಾರಿಗಳ ಸಾಲು ಎಂದರೆ ಸಾಲು, ಮುಂದಿನದು ಕಾಣುವುದಿಲ್ಲ, ಧೂಳು. ಅಲ್ಲಿ ಒಂದು ಗುಟ್ಟಿದೆ, ನಾನೇ ಕಂಡುಹಿಡಿದದ್ದು, ಯಾರಿಗೂ ಹೇಳಬೇಡ: ಲಾರಿಯನ್ನು ನೋಡಬಾರದು, ಲಾರಿಯ ಪಕ್ಕದ ಸಂದಿಯನ್ನು ನೋಡಬೇಕು. ಲಾರಿ ನೋಡಿದರೆ ಕೈ ಬ್ರೇಕಿಗೆ ಹೋಗುತ್ತದೆ. ಸಂದಿ ನೋಡಿದರೆ ಗಾಡಿ ತಾನೇ ಹೋಗುತ್ತದೆ. ಹೋದದ್ದು 10:05, ಬಂದದ್ದು 12:53. ಚೀಟಿ ಎರಡೂ ಇದರೊಳಗೆ ಇಟ್ಟಿದ್ದೇನೆ, ಕಣ್ಣಿಗೊತ್ತಿಕೊಂಡು ನೋಡು. ಎರಡು ಗಂಟೆ ನಲವತ್ತೆಂಟು ನಿಮಿಷ. ನಿನ್ನ ಲೋಡರಿನವನಿಗೆ ಹೇಳು, ಆ ದಿನ ಅವನು ಮೀನು ತಿಂದುಕೊಂಡು ಆರಾಮಾಗಿ ಅಲ್ಲೇ ಇರಲಿ ಎಂದು.

ಅಂದು ದೇವಿಕಾನೂ ಬಂದಿದ್ದಳು. ನೀನು ಹೇಳಿದಂತೆ ಕೀಲಿ ನಾನು ಕೊಡಲಿಲ್ಲ, ಅವಳೇ ತೆಗೆದುಕೊಂಡಳು. "ಮಾಮಾ, ನೀನು ಕುಂದ್ರು, ಶೇಂಗಾ ತಿನ್ನು, ಒಂದ ರೌಂಡು" ಅಂದಳು. ನಾನು ಬೇಡ ಅನ್ನುವುದಕ್ಕೆ ಬಾಯಿ ತೆರೆದೆ, ಬಾಯಲ್ಲಿ ಶೇಂಗಾ ಇತ್ತು. ಅವಳೂ ಸುತ್ತಿಕೊಂಡು ಬಂದಳು. ಕಾಲುವೆಗೆ ಹಾಕಲಿಲ್ಲ. ಅವಳಿಗೂ ನನಗೂ ನಡುವೆ ಎರಡೇ ನಿಮಿಷದ ಅಂತರ. ಯಾರು ಮುಂದೆ ಎಂದು ಕೇಳಬೇಡ, ಹಿರಿಯರನ್ನು ಕೇಳುವ ಪ್ರಶ್ನೆ ಅದಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನಿನ್ನನ್ನು ಕ್ಯಾಬಿನ್ನಿನೊಳಗಿನ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಗದಗಿನವರೆಗೆ ಹೋಗುತ್ತಿದ್ದೆ. ನೀನು ಮುಂದೆ ಹೋಗುವ ಪ್ರತಿ ಗಾಡಿಯನ್ನೂ ತೋರಿಸಿ "ಹೊಡಿ ಮಾಮಾ, ಹೊಡಿ" ಅನ್ನುತ್ತಿದ್ದೆ. ಒಂದು ಸಲ ಹುಲಿಗಿ ಹತ್ತಿರ, ಆರು ವರ್ಷದವನು, ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ನಾ ದೊಡ್ಡಾವ ಆದಮ್ಯಾಗ ಇಬ್ಬರೂ ಕೂಡಿ ರೇಸಿಗೆ ಹೋಗೂಣು." ನಾನು ಆವತ್ತು ಹೂಂ ಅಂದಿದ್ದೆ. ಹದಿನಾಲ್ಕು ವರ್ಷ ಸ್ಟೇರಿಂಗು, ಆರು ವರ್ಷ ಕಾಟಾ ಆಯಿತು. ಅಂದ ಹೂಂ ಹಾಗೇ ಇದೆ. ಫಾರಂ ಇಲ್ಲೇ ಮೇಜಿನ ಮೇಲಿದೆ, ಹತ್ತನೇ ತಾರೀಖಿನೊಳಗೆ ಕೊಡಬೇಕು. ಮೊದಲನೇ ಸವಾರ ಎಂಬಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಎರಡನೇ ಸವಾರ ಎಂಬಲ್ಲಿ ನನ್ನ ಹೆಸರನ್ನು ಈ ಕಾಗದ ಮುಗಿಸಿ, ಕೈ ತೊಳೆದುಕೊಂಡು, ದುಂಡಗೆ ಬರೆಯುವವನಿದ್ದೇನೆ.

ಮರಿಸ್ವಾಮಿ ಪಾಳಿಗೆ ಬಂದ, ಲಕೋಟೆ ತಂದಿದ್ದಾನೆ. ನಿಮ್ಮವ್ವ, ನಿಮ್ಮತ್ತೆ ಇಬ್ಬರೂ ಕೇಳಿದ್ದಾರೆಂದು ತಿಳಿ. ಹೊತ್ತಿಗೆ ಸರಿಯಾಗಿ ಉಣ್ಣು, ಲೋಡರಿನ ಮೇಲೆ ನಿದ್ದೆ ಮಾಡಬೇಡ. ನಿನ್ನ ದಾರಿಯಲ್ಲಿ ಯಾವತ್ತೂ ಒಂದು ಸಂದಿ ತೆರೆದೇ ಇರಲಿ ಎಂದು ಹರಸುವ,

ನಿನ್ನ ಮಾವ
ಅಂಜಿನಯ್ಯ
(ಏಳನೇ ಇಯತ್ತೆ ಪಾಸು)

ತಾ.ಕ.: ಜಲ್ದಿ ಬರೆಯುತ್ತಿದ್ದೇನೆ, ಟಪಾಲಿಗೆ ಹೊತ್ತಾಯಿತು. ಮರಿಸ್ವಾಮಿ ಅಂಟು ಹಚ್ಚುವ ಮೊದಲು ಎಲ್ಲ ಓದಿದ, ಅವನಿಗೆ ಆ ಚಟ. ಓದಿ ಅಂದ: "ಅಣ್ಣಾ, ಹತ್ತು ಗಂಟೀಗೆ ಹೊಂಟಾವ್ಗೆ ಕೆರಿ ಮ್ಯಾಲ ಮಂಜು ಎಲ್ಲಿಂದ ಬಂತು?" ಬೈದೆ. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟ. "ಇಲ್ಲಿ ತೂಕಾನೂ ಬಿದ್ದೈತಲ್ಲೋ. ಇನ್ನೂರು ಕೇಜಿ. ಗಾಡಿ, ಪೆಟ್ರೋಲು ನೂರೈವತ್ತು. ಉಳಿದಿದ್ದು ಐವತ್ತು. ನೀ ಐವತ್ತು ಕೇಜಿ ಇದ್ದಿದ್ದು ಏಳನೇ ಇಯತ್ತೆನಾಗ." ಆರು ವರ್ಷ ತೂಕದ ಚೀಟಿ ಹೊಡೆದವನು ನಾನು, ಲಾರಿಯವರ ಒಂದು ಬುಟ್ಟಿ ಹೆಚ್ಚುಕಮ್ಮಿ ಹಿಡಿದವನು. ನನ್ನ ಸುಳ್ಳಿಗೆ ಹೊತ್ತು ನೋಡಿದೆನೇ ಹೊರತು ತೂಕ ನೋಡಲಿಲ್ಲ. ಹರಿದು ಬೇರೆ ಬರೆಯೋಣವೆಂದರೆ ಪುರುಸೊತ್ತಿಲ್ಲ, ಮನಸ್ಸೂ ಇಲ್ಲ. ಆ ಚೀಟಿ ದೇವಿಯದು. ಸಂದಿಯ ಗುಟ್ಟೂ ಅವಳದೇ. ನನ್ನ ಚೀಟಿ ಅಂಗಿಯ ಜೇಬಿನಲ್ಲಿತ್ತು, ಇನ್ನೂರ ನಲವತ್ತು ಕೇಜಿಯದು, ಅದನ್ನೂ ಈಗ ಒಳಗಿಟ್ಟಿದ್ದೇನೆ. ಲಾರಿಯ ಕಾಲದಿಂದಲೂ ಎಡಗೈಯ ಕೊನೆಯ ಎರಡು ಬೆರಳು ಸರಿಯಿಲ್ಲ, ಯಾರಿಗೂ ಹೇಳಿರಲಿಲ್ಲ. ಕಂಪ್ಲಿ ದಾಟಿದ ಮೇಲೆ ಅವು ಕ್ಲಚ್ ಹಿಡಿಯುವುದನ್ನೇ ನಿಲ್ಲಿಸಿದವು. ಮೆಟ್ರಿ ಕಾಲುವೆಯ ದಂಡೆಯಲ್ಲಿ ಕೂತು ನೀರಲ್ಲಿ ಕೈ ಇಟ್ಟುಕೊಂಡೆ, ಬೆರಳು ಮಾತು ಕೇಳುವ ತನಕ. ಅದೇ ನಿನ್ನ ಸೈಕಲ್ ಬಿದ್ದಿದ್ದ ಜಾಗ, ಅಲ್ಲಿ ಕೂತೇ ಒಂದು ಮಾತು ಗೊತ್ತಾಯಿತು. ಆರು ಗಂಟೆಯ ಓಟದಲ್ಲಿ ನನಗಾಗಿ ನಿನ್ನ ಗಾಡಿ ಹಾಗೆ ನಿಲ್ಲಬಾರದು. ಫಾರಂ ಮರಿಸ್ವಾಮಿಯ ಕೈಯಲ್ಲಿ ಕೊಟ್ಟಿದ್ದೇನೆ, ನಾಳೆ ಸಂಡೂರಿಗೆ ಮುಟ್ಟಿಸುತ್ತಾನೆ. ಎರಡನೇ ಸವಾರ, ದೇವಿಕಾ. ದುಂಡಗೇ ಬರೆದೆ. ಕೀಲಿ ಅವಳ ಹತ್ತಿರವೇ ಇದೆ, ಬಂದು ಕಿತ್ತುಕೊಳ್ಳಬೇಡ. ಪೆಟ್ರೋಲು ಹಾಕುವವನು ನಾನು. ಬಲಗೈಯಲ್ಲಿ ಪೆಟ್ರೋಲು ಹಾಕುವುದರಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ನಿಮ್ಮತ್ತೆಗೆ ಎರಡು ನಿಮಿಷದಲ್ಲಿ ಸೋತೆ ಎಂದು ಹೇಳಿದ್ದೇನೆ, ಕೇಳಿದರೆ ನೀನೂ ಅಷ್ಟೇ ಹೇಳು. ನಿನಗೊಬ್ಬನಿಗೆ ಹೇಳುತ್ತೇನೆ. ನಲವತ್ಮೂರು.