ಇಪ್ಪತ್ತೈದರ ಕಟ್ಟು

ವಾದಿ ಅದಾಯ್, ಮಸ್ಕತ್
೯ ನವೆಂಬರ್ ೧೯೮೮, ಬುಧವಾರ

ಪ್ರೀತಿಯ ಸುಂದರಿ ಅಕ್ಕನಿಗೆ,

ನಿನ್ನ ತಂಗಿ ವಾರಿಜಾಕ್ಷಿಯ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವಳು ಈಗ ಕಾಗದದ ಕಟ್ಟನ್ನೇ ಮುಂದಿಟ್ಟುಕೊಂಡು ಕೂತಿದ್ದೇನೆ ಎಂದರೆ ವಿಷಯ ದೊಡ್ಡದೇ ಇರಬೇಕೆಂದು ನೀನು ಊಹಿಸಿರುತ್ತೀ. ಮೊದಲು ಬೈದು ಮುಗಿಸು, ಆಮೇಲೆ ಓದು. ನಾವು ಆಡುವುದು ತುಳು, ಬರೆಯುವುದು ಪುಸ್ತಕದ ಕನ್ನಡ. ಹಾಗಾಗಿ ಕಾಗದದಲ್ಲಿ ನಾನು ಯಾವಾಗಲೂ ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವಳಂತೆ ಕಾಣುತ್ತೇನೆ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುವವಳೆಂದು ದುಂಡಗೆ, ದೊಡ್ಡದಾಗಿ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನಾನು ಟೀಚರ್ ಆದೆ. ಬದಲಿ ಟೀಚರ್ ಅಲ್ಲ, ಖಾಯಂ. ಕಳೆದ ಶನಿವಾರ ಬಿ.ಎಡ್. ಫಲಿತಾಂಶ ಬಂತು, ಸೋಮವಾರ ಪ್ರಿನ್ಸಿಪಾಲರು ನೇಮಕದ ಕಾಗದ ಕೊಟ್ಟರು. ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಟ್ಯಾಕ್ಸಿಗೆ ನಿಂತವಳು ಮೂರು ಟ್ಯಾಕ್ಸಿ ಬಿಟ್ಟುಬಿಟ್ಟೆ. ಯಾಕೆಂದು ಕೇಳಬೇಡ, ನಗು ತಡೆಯಲು ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಇದು ಶುರುವಾದದ್ದು ನಿನಗೆ ಅರ್ಧ ಗೊತ್ತು. ಇಲ್ಲಿನ ಭಾರತೀಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನ ಲೆಕ್ಕದ ಟೀಚರ್ ಡಾಲಿ ಹೆರಿಗೆಗೆಂದು ಊರಿಗೆ ಹೋದವರು ಬರಲೇ ಇಲ್ಲ. ನಾನು ಬಿ.ಎಸ್ಸಿ. ಸರ್ಟಿಫಿಕೇಟು ಹಿಡಿದು ಹೋದೆ. ಪ್ರಿನ್ಸಿಪಾಲ್ ಬಾಲಸುಬ್ರಹ್ಮಣ್ಯ ಮೈಸೂರಿನವರು, ಕನ್ನಡಕದ ಮೇಲಿನಿಂದ ನೋಡುತ್ತಾರೆ. "ಟ್ರೇನಿಂಗ್ ಇಲ್ದೇ ಇರೋವ್ರನ್ನ ಪರ್ಮನೆಂಟ್ ಮಾಡೋಕಾಗಲ್ಲಮ್ಮ. ಲೀವ್ ವೇಕೆನ್ಸಿಲಿ ಸೇರ್ಕೊಳ್ಳಿ. ಅಂಚೆ ಮೂಲಕ ಬಿ.ಎಡ್. ಮಾಡಿ. ಪಾಠ ಮಾಡಿ ತೋರಿಸೋ ಪರೀಕ್ಷೆ ಇಲ್ಲೇ ನಡೆಸಿಕೊಡ್ತೀವಿ. ಪಾಸಾದ್ರೆ ನೋಡೋಣ" ಎಂದರು.

ನಾನು ಇಲ್ಲಿರುವುದು ಗಂಡನ ವೀಸಾದ ಮೇಲೆ. ಆದ್ದರಿಂದ ಘಾಲಾದ ಗ್ಯಾರೇಜಿನ ಕಫೀಲ್, ಅಂದರೆ ಇವರ ಧಣಿ, ಒಪ್ಪಿ ಸಹಿ ಹಾಕಬೇಕಿತ್ತು. ಇವರು ಮೂರು ದಿನ ಅರಬಿಯಲ್ಲಿ ಮಾತು ಉರುಹೊಡೆದುಕೊಂಡು ಹೋದರು. ಆತ, "ಟೀಚರ್? ಖಲಾಸ್", ಅಂದರೆ ಆಯಿತು ಬಿಡು, ಎಂದು ಸಹಿ ಹಾಕಿ ಕಾಫಿ ಕೊಟ್ಟು ಕಳುಹಿಸಿದನಂತೆ. ಉರುಹೊಡೆದ ಮಾತೆಲ್ಲ ಇವರ ಹೊಟ್ಟೆಯಲ್ಲೇ ಉಳಿಯಿತು.

ಇಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ. ಪಾಠದ ಲಕೋಟೆಗಳು ಇವರ ಕಂಪನಿಯ ಪೆಟ್ಟಿಗೆಗೆ ಬಂದು, ಗ್ಯಾರೇಜಿನಲ್ಲಿ ಸುತ್ತಾಡಿ ಮನೆ ಸೇರುತ್ತಿದ್ದವು. ಮನಶ್ಶಾಸ್ತ್ರದ ಮೂರನೆಯ ಪಾಠದಲ್ಲಿ ಈಗಲೂ ಪೂವಪ್ಪಣ್ಣನ ಗ್ರೀಸಿನ ಹೆಬ್ಬೆಟ್ಟು ಇದೆ. ಅವರು ಅಲ್ಲಿನ ಮೆಕ್ಯಾನಿಕ್, ನಾಳೆ ರಜೆಗೆ ಊರಿಗೆ ಹೊರಟಿದ್ದಾರೆ, ಈ ಕಾಗದ ಅವರ ಕೈಯಲ್ಲೇ ಬರುತ್ತಿದೆ. "ನಿಮ್ಮ ಬಿ.ಎಡ್.ನಲ್ಲಿ ನನ್ನದೂ ಒಂದು ಪಾಲುಂಟು" ಎನ್ನುತ್ತಾರೆ. ಉಂಟು, ಇಲ್ಲವೆನ್ನುವುದಿಲ್ಲ.

ಈಗ ಕೊನೆಯ ಪಾಠದ ಕತೆ ಕೇಳು, ಎಲ್ಲ ನಿಂತಿದ್ದದ್ದು ಅದರ ಮೇಲೆ. ಸೆಪ್ಟೆಂಬರಿನಲ್ಲಿ ಪರೀಕ್ಷಕರಾಗಿ ಬಂದವರು ಕಾಂತಾಮಣಿ ಮೇಡಂ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಟೀಚರುಗಳಿಗೇ ಪಾಠ ಹೇಳಿದವರು, ಈಗ ಮಗನ ಮನೆಯಲ್ಲಿದ್ದಾರೆ. ಬೆಳಿಗ್ಗೆ ನಾನು ಸೀರೆಯ ನೆರಿಗೆಯನ್ನು ಮೂರನೆಯ ಸಲ ಬಿಚ್ಚಿ ಹಿಡಿಯುವುದನ್ನು ನೋಡಿ ಇವರು, "ಎಂತ ಹೆದರುವುದು ಮಾರಾಯ್ತಿ, ಆ ಮಕ್ಕಳು ನಿನ್ನನ್ನು ತಿನ್ನುತ್ತಾರಾ?" ಎಂದರು. ಮಕ್ಕಳು ತಿನ್ನಲಿಲ್ಲ. ಸುಮ್ಮನೆ ನೋಡಿದವು, ಅದು ಇನ್ನೂ ಕಷ್ಟ.

ವಿಷಯ ಭಾಗಾಕಾರ, ಶೇಷ. ಬೋರ್ಡಿನ ಮೇಲೆ ಪುಸ್ತಕದಲ್ಲಿದ್ದಂತೆಯೇ ಮಾಡಿದೆ. ನಲವತ್ತೆರಡು ಮಕ್ಕಳಲ್ಲಿ ಒಂದರ ತಲೆಗೂ ಹತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನಿನ ಮುಚ್ಚಳ ತೆಗೆದದ್ದು ಕಂಡಿತು. ಮುಗಿಯಿತು ವಾರಿಜಾ ಎಂದುಕೊಂಡೆ. ಆಗ ನನಗೆ ಏನು ಕಂಡಿತು ಗೊತ್ತಾ? ನಿನ್ನ ತಡ್ಪೆ, ಆ ಬಿದಿರಿನ ಮೊರ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾ, ನನ್ನ ಕಡೆ ನೋಡದೆ, ಐದು ಬೀಡಿ ಬೆರಳಿಗೆ ಹಿಡಿದು, ಹಾಗೆ ಐದು ಸಲ, ನೂಲು ಸುತ್ತಿ ಒಂದು ಕಟ್ಟು ಮಾಡುತ್ತಿದ್ದ ನಿನ್ನ ಕೈ.

ಕ್ಯಾಂಟೀನಿನಿಂದ ಜ್ಯೂಸ್ ಕುಡಿಯುವ ಕೊಳವೆಗಳ ಪೆಟ್ಟಿಗೆ ತರಿಸಿದೆ. ಕತ್ತರಿಸಿ ತಲೆಗೆ ಇಪ್ಪತ್ತು ತುಂಡು ಹಂಚಿದೆ. ಒಟ್ಟು ಎಂಟು ನೂರ ನಲವತ್ತು. ಹೊಲಿಗೆಯ ಟೀಚರ್ ಹತ್ತಿರದಿಂದ ನೂಲು ತರಿಸಿದೆ. ಐದರ ಹಿಡಿ, ಐದು ಸಲ, ಒಂದು ಕಟ್ಟು. ಇಲ್ಲಿನವರಂತೆ "ಯಲ್ಲಾ, ಶುರು ಮಾಡಿ" ಎಂದದ್ದೇ ತಡ, ಕ್ಲಾಸು ಕಾರ್ಖಾನೆಯಾಯಿತು. ಮೂವತ್ತಮೂರು ಕಟ್ಟು ಮೇಜಿನ ಮೇಲೆ ಬಂದು ಬಿತ್ತು. ವರ್ಷವಿಡೀ ಬಾಯಿ ಬಿಡದ ಆಯಿಶತ್ ಎಂಬ ಹುಡುಗಿ ಉಳಿದದ್ದನ್ನು ಕೈಯಲ್ಲಿ ಹಿಡಿದು ಎದ್ದು ನಿಂತಳು. "ಮಿಸ್, ದೀಸ್ ಫಿಫ್ಟೀನ್ ಹ್ಯಾವ್ ನೋ ಹೌಸ್" ಎಂದಳು.

ಅಕ್ಕ, ಶೇಷ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. "ಅವಕ್ಕೆ ನಾಳೆ ಮನೆ ಸಿಗುತ್ತದೆ" ಎಂದು ನಾನು ಆ ಹದಿನೈದನ್ನು ಡ್ರಾಯರಿನಲ್ಲಿ ಇಟ್ಟೆ. ನೀನು ಸಂಜೆ ಉಳಿದ ಬೀಡಿಗಳನ್ನು ನಾಳೆಯ ಕಟ್ಟಿಗೆಂದು ಡಬ್ಬಿಯಲ್ಲಿ ಇಡುತ್ತಿದ್ದೆಯಲ್ಲ, ಹಾಗೆ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಮೇಡಂ ಹತ್ತಿರ ಬಂದು ಕೈ ಕುಲುಕಿದರು, ಏನೋ ಕೇಳಿದರು, ನಾನೂ ಏನೋ ಹೇಳಿದೆ. ನನಗೆ ನೆಲದ ಮೇಲೆ ಕಾಲಿರಲಿಲ್ಲ.

ಮೊನ್ನೆ ನೇಮಕದ ಕಾಗದ ಕೊಡುವಾಗ ಪ್ರಿನ್ಸಿಪಾಲರು, "ಜನವರಿಲಿ ಪ್ರೈಮರಿ ಟೀಚರ್ಸ್‌ಗೆಲ್ಲ ಆ ಪಾಠ ನೀವೇ ಮಾಡಿ ತೋರಿಸ್ಬೇಕು" ಎಂದರು. ಹನ್ನೆರಡು ಮಂದಿ ಟೀಚರುಗಳು, ಕಲಿಸುವವಳು ನಾನು. ಇದನ್ನು ಬರೆಯುವಾಗಲೂ ನಗು ಬರುತ್ತಿದೆ.

ಪೂವಪ್ಪಣ್ಣನ ಕೈಯಲ್ಲಿ ನಿನ್ನ ಕುತ್ತಿಗೆ ನೋವಿಗೆ ಎರಡು ಬಾಟ್ಲಿ ಎಣ್ಣೆ, ಮಕ್ಕಳಿಗೆ ಖರ್ಜೂರ, ನಿನಗೊಂದು ಸೀರೆ ಕಳುಹಿಸಿದ್ದೇನೆ. ಸೀರೆಯನ್ನು ಪೆಟ್ಟಿಗೆಯಲ್ಲಿ ಇಡಬೇಡ, ಉಡು. ಬಿ.ಎಡ್.ನ ಬೇಸಿಗೆಯ ತರಗತಿಗೆಂದು ಊರಿಗೆ ಬಂದಾಗ ನಿನ್ನ ಜೊತೆ ಎರಡೇ ದಿನ ಇದ್ದೆ, ಆ ಸಿಟ್ಟು ಇನ್ನೂ ಇದ್ದರೆ ಇದರೊಂದಿಗೆ ಬಿಟ್ಟುಬಿಡು. ಮಕ್ಕಳಿಗೆ ನನ್ನ ಆಶೀರ್ವಾದ, ಇಬ್ಬರೂ ಲೆಕ್ಕದಲ್ಲಿ ಗೆಲ್ಲಲಿ. ನಿನ್ನ ಆಶೀರ್ವಾದ ನನಗೆ ಬೇಕು.

ನಿನ್ನ ಪ್ರೀತಿಯ ತಂಗಿ,
ವಾರಿಜಾಕ್ಷಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಆಗದೆ ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಮೇಡಂ ಅಂದು ಕೇಳಿದ್ದು, "ಈ ಮೆಥಡ್ ಎಲ್ಲಿ ಕಲಿತ್ರಿ?" ಎಂದು. ನಿನ್ನ ಹೆಸರು ಬಾಯಿಯವರೆಗೆ ಬಂದಿತ್ತು. ಪಕ್ಕದಲ್ಲಿ ಪ್ರಿನ್ಸಿಪಾಲರಿದ್ದರು, ಇಸ್ತ್ರಿ ಸೀರೆಯ ಇಬ್ಬರು ಟೀಚರುಗಳಿದ್ದರು. ಬೀಡಿ ಎಂಬ ಮಾತು ನಾಲಗೆಗೆ ಬರಲಿಲ್ಲ. "ಅಂಚೆ ಪಾಠದಲ್ಲಿ ಇತ್ತು ಮೇಡಂ" ಎಂದುಬಿಟ್ಟೆ. ಅವರು ವರದಿಯಲ್ಲಿ ಅದನ್ನೇ ಬರೆದರು. ಕೆಳಗೆ ನಾನು ಸಹಿ ಹಾಕಿದೆ. ನನ್ನನ್ನು ಟೀಚರ್ ಮಾಡಿದ್ದು ಆ ಕಾಗದ.

ಇದು ಮೊದಲ ಸಲವೂ ಅಲ್ಲ. ಕಾಲೇಜಿನಲ್ಲಿ ಅಕ್ಕ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ, ಮನೆಯಲ್ಲಿದ್ದಾಳೆ ಎನ್ನುತ್ತಿದ್ದೆ. ನಾನು ಓದಲೆಂದು ನೀನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟೆ. ನಿನ್ನ ಬೀಡಿಯಿಂದಲೇ ನನ್ನ ಫೀಸು ಹೋಗುತ್ತಿತ್ತು. ನನಗೆ ನಾಚಿಕೆಯಾದದ್ದು ಆ ಬೀಡಿಯ ಬಗ್ಗೆ.

ಪೂವಪ್ಪಣ್ಣ ಡಿಸೆಂಬರ್ ಕೊನೆಗೆ ವಾಪಸು ಬರುತ್ತಾರೆ. ಬೀಡಿಯ ಎಲೆ ಕತ್ತರಿಸಲು ನೀನು ಇಟ್ಟುಕೊಳ್ಳುತ್ತಿದ್ದ ಆ ತಗಡಿನ ಅಚ್ಚು, ಮೂಲೆ ಸವೆದ ಹಳೆಯದು, ಅದನ್ನು ಅವರ ಕೈಯಲ್ಲಿ ಕಳುಹಿಸು. ಜನವರಿಯ ಪಾಠದ ದಿನ ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತೇನೆ. ಇದೇನೆಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಯಾರೂ ಕೇಳದೆಯೇ ಹೇಳುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ ಅಕ್ಕ.