ಆರರಿಂದ ಹನ್ನೆರಡು

ಅಕ್ಟೋಬರ್ 8, ಬೆಳಿಗ್ಗೆ 7.20
ಮತ್ತೆ ಉಪ್ಪಿಟ್ಟು. ಫಿಸಿಕ್ಸ್ ರೆಕಾರ್ಡ್ ಇನ್ನೂ ಬರೆದಿಲ್ಲ. ಯೂಟ್ಯೂಬ್‌ನಲ್ಲಿ ಚಂಡಮಾರುತ — ಕಾರವಾರ ಮುಳುಗಿತು ಅಂತ ಒಬ್ಬ ಕಿರುಚ್ತಾನೆ. ಚನ್ನೇಶಣ್ಣಗೆ ಕಳಿಸಿದೆ. ಹೊನ್ನಾವರದಲ್ಲಿ ಮೀನಿನ ಬೋಟ್ ಮೇಲೆ ಅಡುಗೆ ಅವನದು.

ಫೋನ್ ಮಾಡಿ ನಕ್ಕ. "ಇಲ್ಲಿ ಬಿಸಿಲು ಬಿದ್ದೈತಿ ತಂಗಿ. ಮುಳುಗಿದ ಮ್ಯಾಲ ಹೇಳ್ತೇನಿ."

ರೂಮ್‌ಮೇಟ್ ದೀಪ್ತಿ, ಸವಣೂರಿನಾಕಿ, ವಿಡಿಯೋದ ಡೇಟ್ ತೋರಿಸಿದಳು. ನಾಲ್ಕು ವರ್ಷ ಹಳೇದು. "ನಿಮ್ಮಣ್ಣನ್ನ ನೀನ ಮುಳುಗಸ್ತೀ ನೋಡು."

ಅಕ್ಟೋಬರ್ 12, ಸಂಜೆ
ಈ ಸಲ ಖರೇನ ಬರ್ತಿದೆ. ಮೂರು ಆ್ಯಪ್, ಮೂರು ದಾರಿ. ಒಂದರಲ್ಲಿ ಗೋವಾ, ಒಂದರಲ್ಲಿ ಗುಜರಾತ್... ಕೊನೆಗೆ ಹವಾಮಾನ ಇಲಾಖೆಯ ಇಂಗ್ಲಿಷ್ ಬುಲೆಟಿನ್ ಸಿಕ್ಕಿತು. ಬೋರಿಂಗ್. ಯಾರೂ ಕಿರುಚಲ್ಲ. ಅದಕ್ಕೇ ನಂಬಿದೆ.

ಅಣ್ಣನ ಫೋನ್. ಬೋಟ್ ಹೊರಗೆ ಸಮುದ್ರದಲ್ಲಿ ಲಂಗರು ಹಾಕಿದೆಯಂತೆ, ನಾಳೆ ಒಳಗಿನ ದಕ್ಕೆಗೆ, ಬೋಟ್ ಕಟ್ಟೋ ಕಟ್ಟೆಗೆ ತರಬೇಕಂತೆ. ಅರ್ಧ ತಾಸಿನ ದಾರಿ. "ಗಾಳಿ ಯಾವಾಗ ಇಳಿತೈತಿ ನೋಡಿ ಹೇಳು. ನೀ ಇಂಗ್ಲಿಷ್ ಓದಾಕಿ."

ನಾ ಹೇಳೋದು. ನಾನು.

ಅಕ್ಟೋಬರ್ 13, ಬೆಳಿಗ್ಗೆ 8.00
ಎರಡು ಸಲ ಓದಿದೆ. ಜೋರು ಗಾಳಿ — 0600ರಿಂದ 1200 ಯುಟಿಸಿ. ಆರರಿಂದ ಹನ್ನೆರಡು. ಅಂದ್ರೆ ಈಗಾಗಲೇ ಬೀಸ್ತಿರಬೇಕು. ಅಣ್ಣಗೆ ಕೇಳಿದೆ. "ಅಷ್ಟೇನಿಲ್ಲ ಬಿಡು" ಅಂದ. ವೀಕ್ ಆಗಿರಬೇಕು.

ಹನ್ನೆರಡು ದಾಟಿದ ಮ್ಯಾಲ ಹೋಗು ಅಂದೆ. ಕ್ಲಾಸ್‌ಗೆ ಹೊರಟೆ. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಿದೆ.

ಮಧ್ಯಾಹ್ನ 3.15
ದೀಪ್ತಿ ತಲೆ ಬಾಚ್ಕೋತ ನನ್ನ ಫೋನ್ ನೋಡಿದಳು. "ಯುಟಿಸಿ ಅಂದ್ರೇನ?"

ಇಲಾಖೆ ಹೆಸರಿರಬೇಕು ಅಂದೆ. ಸರ್ಚ್ ಮಾಡಿದಳು. ಬಾಚಣಿಕೆ ಕೂದಲಲ್ಲೇ ನಿಂತಿತು.

"ತನುಜಾ... ಇದು ನಮ್ಮ ಟೈಮ್ ಅಲ್ಲ. ಐದೂವರೆ ತಾಸು ಕೂಡಸಬೇಕಂತ ಅದ."

ಹನ್ನೊಂದೂವರೆಯಿಂದ ಐದೂವರೆ.

ಅಣ್ಣನ ಮೆಸೇಜ್, 12.20ರದು — ಹನ್ನೆರಡು ದಾಟೇತಿ, ಗಾಳಿ ಇನ್ನ ಇಳಿತೈತಲ್ಲ, ಹೊಂಟೇವಿ. ಆಮೇಲೆ ಏನೂ ಇಲ್ಲ. ಫೋನ್ ಹತ್ತವಲ್ದು. ಹದಿನಾಲ್ಕು ಸಲ.

4.10
ಊರಿಂದ, ದುಂಡಸಿಯಿಂದ ಅವ್ವನ ಫೋನ್. "ಚನ್ನ್ಯಾನ ಫೋನ್ ಹತ್ತವಲ್ದವ್ವ. ಹನ್ನೆರಡಕ್ಕ ಗಾಳಿ ನಿಲ್ತೈತಿ, ತಂಗಿ ನೋಡಿ ಹೇಳ್ಯಾಳ ಅಂದಿದ್ದ ಮುಂಜಾನೆ. ನನಗೂ ಜೀವ ಹಗುರಾಗಿತ್ತು. ನಿಂತೈತಿಲ್ಲೋ?"

ಐದೂವರೆಗೆ ಅಂದೆ.

"ಹನ್ನೆರಡು ಹೋಗಿ ಐದೂವರೆ ಯಾವಾಗಾತು?"

ಲೈನ್‌ನಲ್ಲೇ ಇದ್ದಾಳೆ. ನಾ ಅವ್ವಗೆ ಹೆಂಗ ಹೇಳಲಿ, ಟೈಮ್ ತಪ್ಪು ಓದಿದ್ದು ನಾನ ಅಂತ.